ಹೆದ್ದಾರಿ ಬರುವಾಗ ಪಹಣಿ ಯಾರ ಹೆಸರಲ್ಲಿದೆ?

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಮಹಾಸಭೆಯಲ್ಲಿ ಸಂಯೋಜಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಈ ಸಲ ಉಳಿತಾಯ, ಸಾಲ ಮರುಪಾವತಿ ಬಗ್ಗೆ ಮಾತಾಡಬೇಡಿ, ಅದನ್ನು ಪ್ರತಿ ತಿಂಗಳೂ ಕೇಳ್ತೀವಿ, ರಸ್ತೆ ಬಗ್ಗೆ ಮಾತಾಡಿ ಅಂತ ಎರಡು ಸಂಘದವರು ಸಿಸ್ಟರ್ ಹತ್ತಿರ ಹೇಳಿದ್ದರಂತೆ. ಕಾರಣ ನನಗೆ ಗೊತ್ತು. ಕೆಲವರ ಹೊಲದ ಬದುವಿನಲ್ಲಿ ಗುರುತಿನ ಕಲ್ಲು ನೆಟ್ಟು ಹೋಗಿದ್ದಾರೆ. ಅದನ್ನು ಯಾರು ನೆಟ್ಟರು, ಯಾಕೆ ನೆಟ್ಟರು, ನೆಟ್ಟ ಮೇಲೆ ಏನಾಗುತ್ತೆ ಅಂತ ಮನೆಯ ಗಂಡಸರು ಸರಿಯಾಗಿ ಹೇಳುವುದಿಲ್ಲ. ಅವರಿಗೂ ಪೂರ್ತಿ ಗೊತ್ತಿಲ್ಲ ಅನ್ನಿ. ಆದ್ದರಿಂದ ಇವತ್ತು ಹೆದ್ದಾರಿ ವಿಷಯ. ದೇಶದ ಹೆದ್ದಾರಿ ಬಗ್ಗೆ ಸ್ವಲ್ಪ ಹೇಳಿ, ನಮ್ಮ ಹೊಲದ ಬಗ್ಗೆ ಜಾಸ್ತಿ ಹೇಳ್ತೀನಿ.

ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ರಾಷ್ಟ್ರೀಯ ಹೆದ್ದಾರಿ ಇದ್ದದ್ದು ಸುಮಾರು 21 ಸಾವಿರ ಕಿಲೋಮೀಟರ್. ಅದರಲ್ಲಿಯೂ ಬಹುಪಾಲು ಎದುರು ಲಾರಿ ಬಂದರೆ ಒಂದು ಗಾಲಿ ಮಣ್ಣಿಗೆ ಇಳಿಸಬೇಕಾದ ರಸ್ತೆ. 2024ರ ಹೊತ್ತಿಗೆ ಅದು 1 ಲಕ್ಷದ 46 ಸಾವಿರ ಕಿಲೋಮೀಟರ್ ದಾಟಿತ್ತು. ದೇಶದ ಒಟ್ಟು ರಸ್ತೆಗಳಲ್ಲಿ ಇದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಒಟ್ಟು ವಾಹನ ಸಂಚಾರದಲ್ಲಿ ನೂರಕ್ಕೆ ನಲವತ್ತು ಪಾಲು ಇದರ ಮೇಲೆಯೇ ಓಡುತ್ತದೆ ಅಂತ ಸರ್ಕಾರದ ಲೆಕ್ಕ.

ದೊಡ್ಡ ಬದಲಾವಣೆ ಶುರುವಾದದ್ದು 1998ರಲ್ಲಿ. ಆಗಿನ ಪ್ರಧಾನಿ ವಾಜಪೇಯಿಯವರು ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಈ ನಾಲ್ಕು ಊರುಗಳನ್ನು ಚತುಷ್ಪಥ ರಸ್ತೆಯಿಂದ ಸೇರಿಸುವ ಯೋಜನೆ ಘೋಷಿಸಿದರು. ಸುವರ್ಣ ಚತುಷ್ಪಥ ಅಂತ ಪೇಪರಿನಲ್ಲಿ ಬರ್ತಿತ್ತಲ್ಲ, ಅದೇ. ಒಟ್ಟು 5,846 ಕಿಲೋಮೀಟರ್. ಅದರಲ್ಲಿ ನಮ್ಮ ಕರ್ನಾಟಕದ ಪಾಲು ಸುಮಾರು 620. ಬೆಳಗಾವಿ, ಧಾರವಾಡ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಅಲ್ಲಿಂದ ಹೊಸೂರು ಕಡೆಗೆ. ಬೆಂಗಳೂರಿನವರೆಗೆ ನಾವು ಎನ್.ಎಚ್. ನಾಲ್ಕು ಅಂತ ಕರೀತಿದ್ದ ರಸ್ತೆ. 2010ರಲ್ಲಿ ನಂಬರ್ ಬದಲಾಯಿಸಿ ಬೆಂಗಳೂರಿನಿಂದ ಮುಂಬೈ ಕಡೆಯ ಭಾಗವನ್ನು 48 ಮಾಡಿದರು. ನಮ್ಮ ಬಾಯಲ್ಲಿ ಇನ್ನೂ ಅದು ನಾಲ್ಕೇ.

ಇದಕ್ಕೆ ದುಡ್ಡು ಎಲ್ಲಿಂದ ಬಂತು? ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ ಒಂದು ರೂಪಾಯಿ ಸೆಸ್ ಹಾಕಿದರು. ಮಿಕ್ಕದ್ದು ಸಾಲ, ಆಮೇಲೆ ಟೋಲ್. ತುಮಕೂರಿನಿಂದ ಹಾವೇರಿವರೆಗಿನ ಸುಮಾರು 259 ಕಿಲೋಮೀಟರಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕು 2001ರಲ್ಲಿ ಸಾಲ ಕೊಟ್ಟಿತು. ಅಂದರೆ ನಾವು ಸಂತೆಗೆ ಹೋಗುವ ಟೆಂಪೊದ ಡೀಸೆಲ್‌ನಲ್ಲಿಯೂ ಹೆದ್ದಾರಿಯ ದುಡ್ಡಿತ್ತು. ಯಾರೋ ಕೊಟ್ಟ ದಾನದ ರಸ್ತೆ ಅಲ್ಲ ಅದು.

ರಸ್ತೆಯಿಂದ ಒಳ್ಳೇದಾಗಿಲ್ಲ ಅಂತ ನಾನು ಹೇಳೋದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತೆ. ಹೆರಿಗೆ ಕಷ್ಟವಾದವರನ್ನು ರಾತ್ರಿ ಹೊತ್ತು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಗುಂಡಿ ಬಿದ್ದ ಹಳೇ ರಸ್ತೆಯಲ್ಲಿ ಹೋಗಿದ್ದೀನಿ, ಹೊಸ ರಸ್ತೆಯಲ್ಲಿಯೂ ಹೋಗಿದ್ದೀನಿ. ಆ ವ್ಯತ್ಯಾಸ ಜೀವದ ವ್ಯತ್ಯಾಸ. ಹಿರಿಯೂರು, ಚಳ್ಳಕೆರೆ ಕಡೆಯ ಈರುಳ್ಳಿ ರಾತ್ರಿ ಲೋಡಾಗಿ ಬೆಳಗಾಗುವುದರೊಳಗೆ ಯಶವಂತಪುರ ಮುಟ್ಟುವುದು ಈ ರಸ್ತೆಯಿಂದ. ಸುವರ್ಣ ಚತುಷ್ಪಥದಿಂದ ಹತ್ತು ಕಿಲೋಮೀಟರ್ ಒಳಗಿರುವ ಜಿಲ್ಲೆಗಳಲ್ಲಿ ಕಾರ್ಖಾನೆಗಳು ಹೆಚ್ಚು ಬೆಳೆದವು ಅಂತ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ ತೋರಿಸಿದ್ದಾರೆ.

ಅರ್ಧ ಮಾಡಿ ಬಿಟ್ಟ ರಸ್ತೆ ಎಷ್ಟು ಅಪಾಯ ಅಂತಲೂ ನೋಡಿದ್ದೀವಿ. 2021ರ ಜನವರಿ 15, ಸಂಕ್ರಾಂತಿ ಮರುದಿನ. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ ಇಟಿಗಟ್ಟಿ ಹತ್ತಿರ ಟಿಪ್ಪರಿಗೆ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಒಟ್ಟಿಗೆ ಶಾಲೆ ಕಲಿತವರು, ವರ್ಷಕ್ಕೊಮ್ಮೆ ಸಿಕ್ಕಿ ನಗಾಡೋಣ ಅಂತ ಹೊರಟವರು. ಆ ಬೈಪಾಸಿನ ಎರಡೂ ಕಡೆ ಅಗಲವಾದ ಚತುಷ್ಪಥ, ನಡುವೆ ಈ ತುಂಡು ಮಾತ್ರ ಡಿವೈಡರ್ ಇಲ್ಲದ ದ್ವಿಪಥ. ಅಷ್ಟು ವರ್ಷ ಹಾಗೇ ಬಿಟ್ಟಿದ್ದರು. ಅದಕ್ಕೇ ರಸ್ತೆಯೇ ಬೇಡ ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ.

ನನ್ನ ಮಾತು ಬೇರೆ. ದೇಶಕ್ಕೆ ರಸ್ತೆ ಬೇಕು, ಸರಿ. ಆ ರಸ್ತೆಗೆ ಭೂಮಿ ಕೊಡುವ ಮನೆಯಲ್ಲಿ ಪರಿಹಾರ ಯಾರ ಕೈಗೆ ಬರುತ್ತೆ? ನಾಟಿ ಮಾಡಿದವಳು, ಕಳೆ ಕಿತ್ತವಳು, ಸಗಣಿ ಹೊತ್ತು ಗೊಬ್ಬರ ಹಾಕಿದವಳು ನೀನು. ಪಹಣಿಯ ಒಂಬತ್ತನೇ ಕಾಲಂನಲ್ಲಿರುವುದು ಯಾರ ಹೆಸರು? ಕೈ ಎತ್ತಿ ನೋಡೋಣ, ತಮ್ಮ ಹೆಸರಲ್ಲಿ ಪಹಣಿ ಇರುವವರು ಎಷ್ಟು ಜನ? ಒಂದು, ಎರಡು… ಏಳು. ಸುಮಾರು ಇನ್ನೂರು ಜನ ಕೂತಿದ್ದೀರಿ, ಏಳು ಕೈ.

ಇಪ್ಪತ್ತು ವರ್ಷದ ಹಿಂದಿನ ಒಂದು ಸಂಗತಿ ಹೇಳ್ತೀನಿ. ರಸ್ತೆ ಅಗಲ ಮಾಡುವಾಗ ನಮ್ಮ ಒಂದು ಸಂಘದ ಸದಸ್ಯೆಯ ಮನೆಯ ಎರಡೂವರೆ ಎಕರೆ ಹೋಯಿತು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಪಹಣಿ ಇನ್ನೂ ಮಾವನ ಹೆಸರಲ್ಲಿಯೇ ಇತ್ತು, ಮಾವನೂ ಇರಲಿಲ್ಲ. ಪೌತಿ ಖಾತೆ ಮಾಡಿಸಿರಲಿಲ್ಲ. ಯಾಕಮ್ಮ ಮಾಡಿಸಲಿಲ್ಲ ಅಂದರೆ, "ಉಳೋದು ನಾವೇ, ಉಣ್ಣೋದು ನಾವೇ, ಕಾಗದ ಎದಕ್ಕೆ ಬೇಕಾಗಿತ್ರಿ ಅಕ್ಕಾರೆ" ಅಂದಳು. ಪರಿಹಾರದ ನೋಟಿಸು ಬಂದ ದಿನ ಮೈದುನರಿಬ್ಬರು, ಹದಿನೈದು ವರ್ಷದಿಂದ ಊರಿಗೆ ಕಾಲಿಡದ ಒಬ್ಬ ದೊಡ್ಡಪ್ಪನ ಮಗ, ಎಲ್ಲರೂ ಬಂದು ಕೂತರು. ಯಾರಿಗೆ ಎಷ್ಟು ಪಾಲು ಅಂತ ಜಗಳವಾದರೆ ಅಧಿಕಾರಿ ತೀರ್ಮಾನ ಮಾಡುವುದಿಲ್ಲ, ಸಿವಿಲ್ ಕೋರ್ಟಿಗೆ ಕಳಿಸುತ್ತಾರೆ. ಕಾನೂನೇ ಹಾಗಿದೆ. ಹಣ ಅಲ್ಲಿಯೇ ಕೂತಿತು. ರಸ್ತೆ ಮಾತ್ರ ನಿಲ್ಲಲಿಲ್ಲ. ಡಾಂಬರು ಹಾಕಿ, ಬಿಳಿ ಗೆರೆ ಎಳೆದು, ಬಸ್ಸು ಓಡಿದವು. ಆಕೆ ಆ ರಸ್ತೆಯ ಪಕ್ಕದಲ್ಲಿಯೇ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗ್ತಿದ್ದಳು. ಹಣ ಕೈಗೆ ಬರುವ ಹೊತ್ತಿಗೆ ಐದು ವರ್ಷವಾಗಿತ್ತು. ಅದರಲ್ಲಿ ವಕೀಲರ ಫೀಸು ಎಷ್ಟು, ಬ್ರೋಕರ್ ಕಮಿಷನ್ ಎಷ್ಟು ಅಂತ ನಾನು ಕೇಳಲಿಲ್ಲ. ಆಕೆಯ ಮುಖ ನೋಡಿದರೆ ಗೊತ್ತಾಗ್ತಿತ್ತು.

ಆದ್ದರಿಂದ ಕಾನೂನು ಹೇಗೆ ನಡೆಯುತ್ತೆ ಅಂತ ಬಿಡಿಸಿ ಹೇಳ್ತೀನಿ. ಬೇಸರ ಮಾಡಿಕೊಳ್ಳಬೇಡಿ. ಬರೆಯಲು ಬರುವವರು ಬರೆದುಕೊಳ್ಳಿ, ಬಾರದವರು ಪಕ್ಕದವರಿಗೆ ಬರೆಯಲು ಹೇಳಿ.

ರಾಷ್ಟ್ರೀಯ ಹೆದ್ದಾರಿಗೆ ಭೂಮಿ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ ಪ್ರಕಾರ. ಮೊದಲು ಗೆಜೆಟಿನಲ್ಲಿ ಒಂದು ಪ್ರಕಟಣೆ ಬರುತ್ತೆ, ಅದಕ್ಕೆ 3ಎ ಅಂತಾರೆ. ಯಾವ ಊರು, ಯಾವ ಸರ್ವೆ ನಂಬರು ಅಂತ ಅದರಲ್ಲಿರುತ್ತೆ. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದ್ದೇ ಆಗಿರಬೇಕು. ನಮ್ಮ ಕಡೆ ಅಂದರೆ ಕನ್ನಡ. ಸಣ್ಣ ಅಕ್ಷರ, ಪುಟ ತುಂಬ ನಂಬರು. ನಾವು ಅದರಲ್ಲಿ ಬಜ್ಜಿ ಕಟ್ಟಿ ಕೊಟ್ಟಿರ್ತೀವಿ! ಆ ಪ್ರಕಟಣೆಯಿಂದ 21 ದಿನದ ಒಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಬಹುದು. ಕೊಟ್ಟವರನ್ನು ಕರೆದು ಕೇಳಬೇಕು, ಅದು ಅಧಿಕಾರಿಯ ಕರ್ತವ್ಯ. ವಕೀಲರೇ ಬರಬೇಕು ಅಂತೇನೂ ಇಲ್ಲ, ನೀವೇ ನಿಂತು ಹೇಳಬಹುದು. 21 ದಿನ ದಾಟಿದರೆ ಆ ಬಾಗಿಲು ಮುಚ್ಚಿತು.

ಆಮೇಲೆ ಬರುವುದು 3ಡಿ ಪ್ರಕಟಣೆ. 3ಎ ಆದ ಒಂದು ವರ್ಷದೊಳಗೆ ಇದು ಬರಬೇಕು, ಇಲ್ಲದಿದ್ದರೆ ಮೊದಲಿನದು ಬಿದ್ದು ಹೋಗುತ್ತೆ. 3ಡಿ ಬಂದ ದಿನವೇ ಭೂಮಿ ಕೇಂದ್ರ ಸರ್ಕಾರದ್ದಾಯಿತು. ಇದನ್ನು ಗಟ್ಟಿಯಾಗಿ ನೆನಪಿಡಿ. ಪರಿಹಾರ ಕೈಗೆ ಬಂದ ಮೇಲೆ ಭೂಮಿ ಹೋಗುತ್ತೆ ಅಂತ ಎಲ್ಲರೂ ತಿಳಿದಿದ್ದೀರಿ, ಹಾಗಲ್ಲ. ಹಕ್ಕು ಮೊದಲು ಹೋಗುತ್ತೆ, ಹಣ ಆಮೇಲೆ. ಹೊಲ ಬಿಟ್ಟುಕೊಡಿ ಅಂತ 60 ದಿನದ ನೋಟಿಸು ಕೊಡಬೇಕಾದರೆ ಮಾತ್ರ ಹಣವನ್ನು ಅಧಿಕಾರಿಯ ಹತ್ತಿರ ಜಮಾ ಮಾಡಿರಬೇಕು.

ಪರಿಹಾರ ಲೆಕ್ಕ ಹಾಕುವ ಮೊದಲು ಮತ್ತೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತೆ, 3ಜಿ ಅಂತ. ಈ ಭೂಮಿಯಲ್ಲಿ ಹಿತಾಸಕ್ತಿ ಇರುವ ಎಲ್ಲರೂ ಬಂದು ತಮ್ಮ ಹಕ್ಕು ಹೇಳಿಕೊಳ್ಳಿ ಅಂತ. ಗಮನಿಸಿ, ಪಹಣಿಯಲ್ಲಿ ಹೆಸರಿರುವವರು ಮಾತ್ರ ಅಂತ ಕಾನೂನು ಹೇಳಿಲ್ಲ, ಹಿತಾಸಕ್ತಿ ಇರುವ ಎಲ್ಲರೂ ಅಂದಿದೆ. ಗಂಡನ ಪಾಲಿಗೆ ವಾರಸುದಾರಳಾದ ವಿಧವೆ ಬರಬಹುದು. ಮದುವೆಯಾಗಿ ಹೋದ ಮಗಳು ಬರಬಹುದು. ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ದಾಖಲೆ ಲಗತ್ತಿಸಿ, ವಿಶೇಷ ಭೂಸ್ವಾಧೀನಾಧಿಕಾರಿಗಳ ಕಚೇರಿಯಲ್ಲಿ ಕೊಟ್ಟು, ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಿಸದೆ ಬರಬೇಡಿ. "ಕೊಟ್ಟೀನ್ರಿ, ಅವರು ಇಟ್ಕಂಡ್ರು" ಅನ್ನುವುದಕ್ಕೆ ಬೆಲೆ ಇಲ್ಲ.

ಈಗ ದುಡ್ಡಿನ ಲೆಕ್ಕ. ಸುವರ್ಣ ಚತುಷ್ಪಥದ ಕಾಲದಲ್ಲಿ ಹೆದ್ದಾರಿಗೆ ಭೂಮಿ ಕೊಟ್ಟವರಿಗೆ ಬೇರೆ ಯೋಜನೆಗೆ ಕೊಟ್ಟವರ ಹಾಗೆ ಸೊಲೇಷಿಯಂ, ಅಂದರೆ ಒತ್ತಾಯದಿಂದ ತೆಗೆದುಕೊಂಡದ್ದಕ್ಕೆ ಕೊಡುವ ಹೆಚ್ಚುವರಿ ಪರಿಹಾರ, ಕೊಡುವಂತಿರಲಿಲ್ಲ. ಅಣೆಕಟ್ಟಿಗೆ ಕೊಟ್ಟರೆ ಉಂಟು, ಹೆದ್ದಾರಿಗೆ ಕೊಟ್ಟರೆ ಇಲ್ಲ. ಇದು ಸಮಾನತೆಗೆ ವಿರುದ್ಧ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದಕ್ಕೂ ಮೊದಲು 2013ರ ಹೊಸ ಭೂಸ್ವಾಧೀನ ಕಾಯಿದೆಯ ಪರಿಹಾರದ ನಿಯಮಗಳು 2015ರ ಜನವರಿ 1ರಿಂದ ಹೆದ್ದಾರಿಗೂ ಅನ್ವಯವಾದವು.

ಹೊಸ ಲೆಕ್ಕ ಹೀಗೆ. ಒಂದು ಉದಾಹರಣೆ ಅಂತ ಇಟ್ಟುಕೊಳ್ಳಿ, ನಿಮ್ಮ ಎಕರೆಗೆ ಮಾರುಕಟ್ಟೆ ಬೆಲೆ 8 ಲಕ್ಷ. ಹಳ್ಳಿ ಭಾಗವಾದರೆ ಇದನ್ನು ಒಂದರಿಂದ ಎರಡರವರೆಗಿನ ಒಂದು ಸಂಖ್ಯೆಯಿಂದ ಗುಣಿಸಬೇಕು. ಒಂದೂವರೆ ಅಂದುಕೊಳ್ಳೋಣ, 12 ಲಕ್ಷವಾಯಿತು. ಬೋರ್‌ವೆಲ್, ಪೈಪ್‌ಲೈನ್, ಮರ, ದನದ ಕೊಟ್ಟಿಗೆ ಎಲ್ಲ ಸೇರಿ 2 ಲಕ್ಷ, ಒಟ್ಟು 14. ಅದರ ಮೇಲೆ ಅಷ್ಟೇ ಮೊತ್ತ ಸೊಲೇಷಿಯಂ, ಅಂದರೆ ಇನ್ನೂ 14. ಒಟ್ಟು 28 ಲಕ್ಷ. ಇದಲ್ಲದೆ ಪ್ರಕಟಣೆಯ ದಿನದಿಂದ ತೀರ್ಪಿನ ದಿನದವರೆಗೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ನೂರಕ್ಕೆ 12 ಸೇರಿಸಬೇಕು.

ಹಾಗಾದರೆ ಆ 8 ಲಕ್ಷ ಎಲ್ಲಿಂದ ಬಂತು? ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಒಂದು. ಸುತ್ತಮುತ್ತ ಹಿಂದಿನ ಮೂರು ವರ್ಷದಲ್ಲಿ ರಿಜಿಸ್ಟರ್ ಆದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟರ ಸರಾಸರಿ ಇನ್ನೊಂದು. ಇವುಗಳಲ್ಲಿ ಯಾವುದು ಹೆಚ್ಚೋ ಅದು. ಇಲ್ಲಿಯೇ ನಮ್ಮ ಬುದ್ಧಿವಂತಿಕೆ ನಮಗೇ ತಿರುಗುತ್ತದೆ. ಸ್ಟ್ಯಾಂಪಿನ ಖರ್ಚು ಉಳಿಸೋಣ ಅಂತ 15 ಲಕ್ಷಕ್ಕೆ ಕೊಂಡ ಹೊಲವನ್ನು ಪತ್ರದಲ್ಲಿ 6 ಲಕ್ಷ ಅಂತ ಬರೆಸುತ್ತೇವೆ. ಊರಿಗೆ ಊರೇ ಹಾಗೆ ಬರೆಸಿದೆ. ಈಗ ಸರ್ಕಾರ ನಮ್ಮ ಪತ್ರವನ್ನೇ ನಮಗೆ ತೋರಿಸಿ, ನಿಮ್ಮೂರಲ್ಲಿ ಬೆಲೆ ಇಷ್ಟೇ ಅಲ್ಲವೇ ಅನ್ನುತ್ತದೆ. ಏನು ಉತ್ತರ ಕೊಡ್ತೀರಿ?

ಪರಿಹಾರ ಕಡಿಮೆಯಾಯಿತು ಅನ್ನಿಸಿದರೆ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಬಹುದು. ಹೆಚ್ಚಿನ ಕಡೆ ಜಿಲ್ಲಾಧಿಕಾರಿಗಳೇ ಮಧ್ಯಸ್ಥಗಾರರು. ಹಣ ತೆಗೆದುಕೊಳ್ಳುವಾಗ "ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ" ಅಂತ ಒಂದು ಸಾಲು ಬರೆಯುವುದು ಒಳ್ಳೇದು.

ಇನ್ನು ಜಂಟಿ ಅಳತೆ ದಿನ. ಸರ್ವೆಯವರು, ಕಂದಾಯದವರು, ಹೆದ್ದಾರಿಯವರು ಬಂದು ನಿಮ್ಮ ಹೊಲದಲ್ಲಿ ಎಷ್ಟು ಹೋಗುತ್ತೆ, ಅದರಲ್ಲಿ ಏನೇನಿದೆ ಅಂತ ಪಟ್ಟಿ ಮಾಡುತ್ತಾರೆ. ಆ ದಿನ ನೀವು ಹೊಲದಲ್ಲಿರಲೇಬೇಕು. ಗಂಡಸರು ಅವರಿಗೆ ಎಳನೀರು ಕೊಟ್ಟು ಮಾತಾಡುತ್ತಾ ನಿಲ್ಲುತ್ತಾರೆ. ಬದುವಿನ ನುಗ್ಗೆ ಮರ, ಕರಿಬೇವು, ಎರಡು ನಿಂಬೆ ಗಿಡ, ಸೀತಾಫಲ, ಕೊಟ್ಟಿಗೆ ಹಿಂದಿನ ತೊಟ್ಟಿ, ಇವೆಲ್ಲ ಎಣಿಕೆಗೆ ಬರುವುದು ಹೆಂಗಸರ ಬಾಯಿಂದಲೇ. ನೆಟ್ಟು ನೀರು ಹಾಕಿದವರಿಗೇ ಅಲ್ವೇ ಲೆಕ್ಕ ಗೊತ್ತಿರುವುದು? ಒಂದು ಸಂಘದವರು ಆಧಾರ್ ಫೋಟೊ ತೆಗೆಯುವ ಹುಡುಗನನ್ನು ಕರೆದು ಪ್ರತಿ ಮರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದರು. ಊರವರು ನಕ್ಕರಂತೆ. ಮರದ ಪಟ್ಟಿಯಲ್ಲಿ 11 ತೆಂಗು ಬಿಟ್ಟುಹೋಗಿದ್ದು ಗೊತ್ತಾದಾಗ ಅದೇ ಫೋಟೊ ಕೆಲಸಕ್ಕೆ ಬಂತು.

ಈಗ ಹೆಸರಿನ ವಿಷಯಕ್ಕೆ ಬರ್ತೀನಿ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ, ಆದ್ದರಿಂದ ಬೇರೆ ಬೇರೆ ಹೇಳಬೇಕು. ಹಿಂದೂ ಕುಟುಂಬಗಳಲ್ಲಿ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ. ಅಪ್ಪ ಆ ದಿನ ಬದುಕಿರಬೇಕಿತ್ತೇ ಅನ್ನುವ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು, ಬದುಕಿರಬೇಕಾಗಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಪಾಲಾಗಿ ಹೋಗಿದ್ದರೆ ಅದನ್ನು ಕೆದಕುವಂತಿಲ್ಲ. ಗಂಡ ವಿಲ್ ಬರೆಯದೆ ತೀರಿಕೊಂಡರೆ ಅವನ ಪಾಲಿನಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅವನ ತಾಯಿ ಎಲ್ಲರಿಗೂ ಸಮಪಾಲು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಮಕ್ಕಳಿದ್ದರೆ ವಿಧವೆಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣು ಭೇದವಿಲ್ಲದೆ. ಮುಸ್ಲಿಂ ಅಕ್ಕಂದಿರಿಗೆ ಮಕ್ಕಳಿದ್ದರೆ ಗಂಡನ ಆಸ್ತಿಯಲ್ಲಿ ಎಂಟನೇ ಒಂದು ಪಾಲು, ಮಗಳಿಗೆ ಮಗನ ಅರ್ಧ. ಗಂಡ ಬದುಕಿರುವಾಗ ಅವನ ಆಸ್ತಿಯಲ್ಲಿ ಹೆಂಡತಿಗೆ ತಾನಾಗಿ ಪಾಲು ಬರುವುದಿಲ್ಲ, ಇದನ್ನೂ ಹೇಳಿಬಿಡಬೇಕು. ಅದಕ್ಕೆ ಗಂಡನನ್ನು ಒಪ್ಪಿಸಿ ಜಂಟಿ ಹೆಸರು ಮಾಡಿಸಬೇಕು, ಕನಿಷ್ಠ ಪರಿಹಾರದ ಹಣದಿಂದ ಕೊಳ್ಳುವ ಹೊಸ ಜಮೀನನ್ನಾದರೂ ಇಬ್ಬರ ಹೆಸರಲ್ಲಿ ರಿಜಿಸ್ಟರ್ ಮಾಡಿಸಬೇಕು.

ಬೈಬಲಿನ ಸಂಖ್ಯಾಕಾಂಡದ 27ನೇ ಅಧ್ಯಾಯದಲ್ಲಿ ಐದು ಜನ ಅಕ್ಕತಂಗಿಯರ ಪ್ರಸಂಗವಿದೆ. ಗಂಡುಮಕ್ಕಳಿಲ್ಲದೆ ತಂದೆ ತೀರಿಕೊಂಡಿದ್ದ. ಆ ಐವರೂ ಮೋಶೆಯ ಮುಂದೆ, ಯಾಜಕರ ಮುಂದೆ, ಇಡೀ ಸಭೆಯ ಮುಂದೆ ಬಂದು ನಿಂತು, ನಮ್ಮ ತಂದೆಯ ಪಾಲಿನ ಭೂಮಿ ನಮಗೆ ಯಾಕಿಲ್ಲ ಅಂತ ಕೇಳಿದರು. ದೇವರು ಅವರ ಮಾತು ಸರಿ ಅಂದ. ಭೂಮಿ ಹಂಚುವ ಮೊದಲೇ ಹೋಗಿ ಕೇಳಿದರು ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. ಹಂಚಿ ಆದ ಮೇಲೆ ಅಳುತ್ತಾ ಬರಲಿಲ್ಲ.

ಪರಿಹಾರ ಬರುವ ಹೊತ್ತಿಗೆ ಅಣ್ಣತಮ್ಮಂದಿರಿಗೆ ತಂಗಿಯರ ನೆನಪು ಜಾಸ್ತಿಯಾಗುತ್ತದೆ. ಕರೆದು ಊಟ ಹಾಕಿ, ಸೀರೆ ಕುಪ್ಪಸ ಕೊಟ್ಟು, "ಸುಮ್ನೆ ಒಂದು ಸೈನು" ಅಂತಾರೆ. ಅದು ಸುಮ್ಮನೆ ಸೈನು ಅಲ್ಲ, ಹಕ್ಕು ಬಿಡುಗಡೆ ಪತ್ರ. ತವರು ಬೇಕು, ಅಣ್ಣ ಬೇಕು, ಎಲ್ಲ ನಿಜ. ಮನಸ್ಸಾರೆ ಬಿಟ್ಟುಕೊಡುವುದಾದರೆ ಬಿಟ್ಟುಕೊಡಿ, ಅದು ನಿಮ್ಮ ಇಷ್ಟ. ಆದರೆ ಓದಿಸಿಕೊಂಡು ಸೈನು ಹಾಕಿ. ಒಂದು ದಿನ ಟೈಮ್ ಕೇಳಿ, ಸಂಘಕ್ಕೆ ತಂದು ತೋರಿಸಿ.

ಈಗ ಪರಿಹಾರದ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಿಂದ ಭೂಮಿರಾಶಿ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಇದೆ. ಮಧ್ಯದಲ್ಲಿ ಚೆಕ್ಕು ಹಿಡಿದು ಆಟ ಆಡಿಸುವುದು ಕಡಿಮೆಯಾಗಿದೆ, ಒಳ್ಳೇದೇ. ಆದರೆ ಖಾತೆ ಯಾರ ಹೆಸರಲ್ಲಿದೆಯೋ ಅವರ ಮೊಬೈಲಿಗೆ ಮೆಸೇಜು. ಮನೆಯ ಉಳಿದವರಿಗೆ ಗೊತ್ತಾಗುವುದು ಹೊಸ ಬುಲೆಟ್ ಗಾಡಿ ಅಂಗಳದಲ್ಲಿ ನಿಂತ ಮೇಲೆ. ನಾನು ನೋಡಿದ ಮನೆಗಳಲ್ಲಿ ಹಣ ಕರಗಲು ಎರಡು ವರ್ಷ ಬೇಕಾಗಲಿಲ್ಲ. ಒಂದು ಮದುವೆ, ಒಂದು ಕಾರು, ಹಳೇ ಸಾಲ, ಆಮೇಲೆ ಸಂಜೆ ಹೊತ್ತಿನ ಗೆಳೆಯರು. ಉಳಿಸಿಕೊಂಡವರು ಹಣ ಬರುವ ಮೊದಲೇ ಜಮೀನು ನೋಡಿಟ್ಟಿದ್ದರು. ಹೆದ್ದಾರಿಯಿಂದ ಏಳೆಂಟು ಮೈಲಿ ಒಳಗೆ, ಬೆಲೆ ಏರುವ ಮುಂಚೆ. ಹಣ ಬಂದ ಮೇಲೆ ಹುಡುಕಿದವರಿಗೆ ಎರಡು ಎಕರೆ ಹೋದ ಹಣದಲ್ಲಿ ಒಂದು ಎಕರೆಯೂ ಸಿಗಲಿಲ್ಲ.

ಭೂಮಿಯೇ ಇಲ್ಲದವರು ಈ ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇದ್ದೀರಿ. ನಮಗೇನು ಅಕ್ಕಾ ಇದರಲ್ಲಿ ಅಂತ ನೀವು ಕೇಳುತ್ತಿರುವುದು ನನಗೆ ಕೇಳಿಸ್ತಿದೆ. 2013ರ ಕಾಯಿದೆಯಲ್ಲಿ ಬಾಧಿತ ಕುಟುಂಬ ಅಂದರೆ ಭೂಮಾಲೀಕರು ಮಾತ್ರ ಅಲ್ಲ. ಆ ಭೂಮಿಯಲ್ಲಿ ಮೂರು ವರ್ಷದಿಂದ ದುಡಿದು ಅದರಿಂದಲೇ ಹೊಟ್ಟೆ ಹೊರೆಯುವ ಕೂಲಿಯವರು, ಗೇಣಿದಾರರು, ಕುಶಲಕರ್ಮಿಗಳೂ ಸೇರುತ್ತಾರೆ. ವಿಧವೆ, ವಿಚ್ಛೇದಿತೆ, ಮನೆಯವರು ಕೈಬಿಟ್ಟ ಹೆಣ್ಣುಮಗಳನ್ನು ಪ್ರತ್ಯೇಕ ಕುಟುಂಬ ಅಂತಲೇ ಪರಿಗಣಿಸಬೇಕು. ಕಾಗದದಲ್ಲಿ ಇದೆ. ಆದರೆ ಕೂಲಿ ಮಾಡಿದ್ದಕ್ಕೆ ರಸೀದಿ ಯಾರ ಹತ್ತಿರ ಇದೆ? ಇಲ್ಲಿ ಸಂಘದ ನಡಾವಳಿ ಪುಸ್ತಕ ಉಪಯೋಗಕ್ಕೆ ಬರಬಹುದು. ಯಾರು ಯಾರ ಹೊಲದಲ್ಲಿ ಕೆಲಸ ಮಾಡ್ತಾರೆ ಅಂತ ವರ್ಷಕ್ಕೊಮ್ಮೆ ನಡಾವಳಿಯಲ್ಲಿ ಬರೆದು ಎಲ್ಲರೂ ಸೈನು ಹಾಕಿ. ಸಾಕ್ಷಿ ಅಂತ ಕೇಳಿದಾಗ ತೋರಿಸಲು ಏನಾದರೂ ಒಂದು ಇರಲಿ.

ರಸ್ತೆ ಬದಿಯ ಗೂಡಂಗಡಿಯವರ ಕಷ್ಟ ಇನ್ನೂ ಹೆಚ್ಚು. ಹದಿನಾಲ್ಕು ವರ್ಷ ಚಹಾ ಅಂಗಡಿ ಇಟ್ಟಿದ್ದ ನಮ್ಮ ಸದಸ್ಯೆಯೊಬ್ಬಳ ತಗಡಿನ ಡಬ್ಬಿಯನ್ನು ಜೆಸಿಬಿ ಒಂದು ಬೆಳಿಗ್ಗೆ ಎತ್ತಿ ಪಕ್ಕಕ್ಕಿಟ್ಟಿತು. ಜಾಗ ರಸ್ತೆಯದ್ದೇ ಆದ್ದರಿಂದ ಕೇಳುವ ಹಾಗಿಲ್ಲ ಅಂದರು. ಸಂಘದಲ್ಲಿ ಆಕೆಯ ಸಾಲ ಇನ್ನೂ 5,000 ಬಾಕಿ ಇತ್ತು. ಆ ತಿಂಗಳ ಸಭೆಯಲ್ಲಿ ಕಂತು ಕೇಳಬೇಕೋ ಬೇಡವೋ ಅಂತ ಒಂದು ಗಂಟೆ ಚರ್ಚೆ ಆಯಿತು. ಕೊನೆಗೆ ಕಂತು ಆರು ತಿಂಗಳು ಮುಂದೂಡಿ, ಮೇಲೆ ಇನ್ನೂ ಮೂರು ಸಾವಿರ ಕೊಟ್ಟರು. ಆಕೆ ಬಸ್ ಸ್ಟ್ಯಾಂಡ್ ಹತ್ತಿರ ಬಾಡಿಗೆ ಮಳಿಗೆ ಹಿಡಿದಳು. ಆ ಸಂಘದವರು ಇಲ್ಲಿಯೇ ಕೂತಿದ್ದಾರೆ, ಹೆಸರು ಹೇಳಬೇಡಿ ಅಂದಿದ್ದಾರೆ.

ಕೊನೆಯದಾಗಿ ರಸ್ತೆ ದಾಟುವ ವಿಷಯ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491. ಅದರಲ್ಲಿ 61 ಸಾವಿರ ಜನ ರಾಷ್ಟ್ರೀಯ ಹೆದ್ದಾರಿಗಳ ಮೇಲೆ. ಎಲ್ಲ ರಸ್ತೆಗಳೂ ಸೇರಿ ಸತ್ತ ಪಾದಚಾರಿಗಳು 32,825. ಮೂರು ಸಾಲಿನ ಒಂದು ಬದಿ ದಾಟಲು, ತಲೆ ಮೇಲೆ ಹುಲ್ಲಿನ ಹೊರೆ ಇದ್ದರೆ, ಸುಮಾರು ಒಂಬತ್ತು ಸೆಕೆಂಡು ಬೇಕು. ನೂರರ ಸ್ಪೀಡಿನಲ್ಲಿ ಬರುವ ಕಾರು ಒಂಬತ್ತು ಸೆಕೆಂಡಿನಲ್ಲಿ ಕಾಲು ಕಿಲೋಮೀಟರ್ ಬಂದಿರುತ್ತದೆ. ನೀವು ಕಾಲಿಡುವಾಗ ಕಾಣದಿದ್ದ ಕಾರು ನಡುವಿಗೆ ಬರುವಷ್ಟರಲ್ಲಿ ಮೈಮೇಲಿರುತ್ತದೆ. ಇದು ನಿಮ್ಮ ಅಜಾಗರೂಕತೆ ಅಲ್ಲ, ಲೆಕ್ಕವೇ ಹಾಗಿದೆ. ಆದ್ದರಿಂದ ಕೆಳಸೇತುವೆ ಕೇಳಿ. ರಸ್ತೆ ನಕ್ಷೆಯಲ್ಲಿರುವಾಗಲೇ ಕೇಳಬೇಕು, ಏರಿ ಹಾಕಿ ಡಾಂಬರು ಸುರಿದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಊರು ಯಾವ ಕಡೆ, ಶಾಲೆ ಯಾವ ಕಡೆ, ಚರ್ಚು, ದೇವಸ್ಥಾನ, ಸ್ಮಶಾನ, ಹೊಲ ಯಾವ ಕಡೆ, ದಿನಕ್ಕೆ ಎಷ್ಟು ಮಕ್ಕಳು, ಎಷ್ಟು ದನ ದಾಟುತ್ತವೆ ಅಂತ ಎಣಿಸಿ ಬರೆದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಒಂದು ಊರಿನ ನಾಲ್ಕು ಸಂಘದವರು ಮೂರು ದಿನ ರಸ್ತೆ ಬದಿ ಕೂತು ಗೆರೆ ಹಾಕಿ ಎಣಿಸಿದ್ದರು. ಅವರು ಕೇಳಿದ ದೊಡ್ಡ ಸೇತುವೆ ಸಿಗಲಿಲ್ಲ. ಟ್ರ್ಯಾಕ್ಟರ್ ಹೋಗುವಷ್ಟು ಒಂದು ಸಿಕ್ಕಿತು. ಮಳೆಗಾಲದಲ್ಲಿ ಅದರಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತೆ ಅನ್ನುವುದು ಬೇರೆ ಜಗಳ, ಅದನ್ನೂ ಪಂಚಾಯಿತಿಯಲ್ಲಿ ಕೇಳ್ತಾ ಇದ್ದಾರೆ.

ಹೆದ್ದಾರಿಯಲ್ಲಿ ಅಪಘಾತ ಕಂಡರೆ 1033ಕ್ಕೆ ಅಥವಾ 108ಕ್ಕೆ ಫೋನ್ ಮಾಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಬಲವಂತವಾಗಿ ಸಾಕ್ಷಿ ಮಾಡುವಂತಿಲ್ಲ, ಹೆಸರು ವಿಳಾಸ ಹೇಳಿ ಅಂತ ಒತ್ತಾಯಿಸುವಂತಿಲ್ಲ, ಹೆದರಬೇಡಿ. ಡಿಕ್ಕಿ ಹೊಡೆದು ವಾಹನ ಓಡಿಹೋಗಿ, ಯಾರದ್ದು ಅಂತ ಗೊತ್ತಾಗದಿದ್ದರೂ ಪರಿಹಾರವಿದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಅರ್ಜಿ ತಾಲ್ಲೂಕು ಮಟ್ಟದ ಕಂದಾಯ ಅಧಿಕಾರಿಗೆ ಕೊಡಬೇಕು. ಪೊಲೀಸ್ ಠಾಣೆಯಲ್ಲಿ ಎಫ್.ಐ.ಆರ್. ಪ್ರತಿ ಕೇಳಿ ಇಟ್ಟುಕೊಳ್ಳಿ.

ಮುಂದಿನ ತಿಂಗಳ ಸಭೆಗೆ ಪ್ರತಿಯೊಬ್ಬರೂ ಮನೆಯ ಪಹಣಿಯ ಪ್ರತಿ ತನ್ನಿ, ನಾಡಕಚೇರಿಯಲ್ಲಿ ಸಿಗುತ್ತೆ. ಸತ್ತವರ ಹೆಸರಿನಲ್ಲಿ ಇರುವುದನ್ನೆಲ್ಲ ಒಂದು ಕಡೆ ಇಡೋಣ. ಮರಣ ಪ್ರಮಾಣಪತ್ರ, ವಂಶವೃಕ್ಷ ತಂದವರಿಗೆ ಪೌತಿ ಖಾತೆ ಅರ್ಜಿಯನ್ನು ನಮ್ಮ ಅನಿಮೇಟರ್‌ಗಳು ಅಲ್ಲಿಯೇ ಬರೆದುಕೊಡುತ್ತಾರೆ. ಕಲ್ಲು ನೆಟ್ಟಿರುವ ಊರಿನವರು ಈಗಲೇ ಮುಂದೆ ಬನ್ನಿ, ನಿಮ್ಮ ಸರ್ವೆ ನಂಬರ್ ಬರೆದುಕೊಳ್ಳಬೇಕು. ಉಳಿದವರು ಊಟಕ್ಕೆ ಏಳಿ, ಅನ್ನ ಸಾರು ಆರಿಹೋಗ್ತಿದೆ ಅಂತ ಸಿಸ್ಟರ್ ಆಗಲೇ ಎರಡು ಸಲ ಸನ್ನೆ ಮಾಡಿದ್ದಾರೆ.